ಕಾರು ಕೆಳಗೆ, ಕೋಣೆ ಮೇಲೆ

ಬಳ್ಳಾರಿಯ ಹಳೆ ಬಡಾವಣೆಗಳಲ್ಲಿ ಹಿತ್ತಲು ಉಳಿಸಿಕೊಂಡಿರುವ ಮನೆಗಳು ಇನ್ನೂ ಇವೆ. ಬಟ್ಟೆ ಒಗೆಯುವ ಕಲ್ಲು, ಒಂದು ಬೇವಿನ ಮರ, ಮೂಲೆಯಲ್ಲಿ ತಗಡಿನ ಶೆಡ್, ಅದರೊಳಗೆ ಕಾರು. ಈ ಶೆಡ್ ತೆಗೆದು ಕೆಳಗೆ ಪಕ್ಕಾ ಗ್ಯಾರೇಜು, ಮೇಲೊಂದು ಪುಟ್ಟ ಮನೆ ಮಾಡಿಕೊಡಿ ಎಂದು ಮನೆ ವಿನ್ಯಾಸ ಮಾಡುವ ನನ್ನನ್ನು ಕೇಳಿಕೊಂಡು ಬರುವವರು ಈಚೆಗೆ ಜಾಸ್ತಿಯಾಗಿದ್ದಾರೆ. ಮಗ ಬೆಂಗಳೂರಿನ ಕೆಲಸವನ್ನು ಮನೆಯಿಂದಲೇ ಮಾಡುತ್ತಿರುತ್ತಾನೆ. ಇಲ್ಲವೇ ಯಜಮಾನರು ನಿವೃತ್ತರಾಗಿ ತಮ್ಮದೇ ಒಂದು ಜಾಗ ಬೇಕು ಅನ್ನುತ್ತಾರೆ.

ಬರುವಾಗ ಮೊಬೈಲ್‌ನಲ್ಲಿ ಫೋಟೊ ಇದ್ದೇ ಇರುತ್ತದೆ. ಕೆನಡಾದ್ದೋ ಅಮೆರಿಕದ್ದೋ. ಅಲ್ಲಿ ಇದು ಹೊಸದಲ್ಲ. ವ್ಯಾಂಕೂವರ್ ನಗರ 2009ರಲ್ಲೇ ಹಿತ್ತಲ ಓಣಿಗೆ ಮುಖ ಮಾಡಿದ ಸಣ್ಣ ಮನೆಗಳಿಗೆ ಒಪ್ಪಿಗೆ ಕೊಟ್ಟಿದೆ. ಫೋಟೊದಲ್ಲಿ ಇಳಿಜಾರು ಚಾವಣಿ, ನೆಲದಿಂದ ಸೂರಿನವರೆಗೆ ಗಾಜು. ಚಳಿ ದೇಶದವರಿಗೆ ಬಿಸಿಲು ಒಳಗೆ ಬರಲೇಬೇಕು, ಅವರು ಗಾಜು ಹಾಕುವುದು ಸರಿ. ಮೇ ತಿಂಗಳಲ್ಲಿ 40 ಡಿಗ್ರಿ ದಾಟುವ ನಮ್ಮೂರಲ್ಲಿ ಪಶ್ಚಿಮಕ್ಕೆ ಗಾಜಿನ ಗೋಡೆ ಇಟ್ಟರೆ, ಸಂಜೆ ನಾಲ್ಕಕ್ಕೆ ಆ ಕೋಣೆಯಲ್ಲಿ ಸಂಡಿಗೆ ಒಣಗಿಸಬಹುದು ಅಷ್ಟೇ.

ಅದಕ್ಕೇ ನಾನು ಫೋಟೊ ಪಕ್ಕಕ್ಕಿಟ್ಟು, ಈ ಕೋಣೆಯಲ್ಲಿ ದಿನಾ ಏನು ಮಾಡ್ತೀರಿ ಎಂದು ಕೇಳುತ್ತೇನೆ. ನಿಮ್ಮ ಅಭಿರುಚಿ ಏನು ಅಂದರೆ ಯಾರಿಗೂ ಹೇಳೋಕೆ ಬರುವುದಿಲ್ಲ. ಏನು ಮಾಡ್ತೀರಿ ಅಂದರೆ ಎಲ್ಲರೂ ಗಂಟೆಗಟ್ಟಲೆ ಹೇಳುತ್ತಾರೆ.

ಜೀನ್ಸ್ ಹೊಲಿಗೆ ಘಟಕ ನಡೆಸುವ ಒಬ್ಬರು ಬಂದಿದ್ದರು. ಬಳ್ಳಾರಿ ಜೀನ್ಸ್ ಅಂದರೆ ಗೊತ್ತಲ್ಲ. ಹೊಸ ಮಾದರಿಗಳನ್ನು ಕತ್ತರಿಸಿ ನೋಡಲು, ವ್ಯಾಪಾರಿಗಳು ಬಂದರೆ ಕೂರಿಸಲು ಗ್ಯಾರೇಜ್ ಮೇಲೆ ಒಂದು ಕೋಣೆ ಬೇಕಿತ್ತು. "ಹೊರಗಿಂದ ನೋಡಿದ ಕೂಡ್ಲೇ ಇದು ಜೀನ್ಸ್‌ನವರದು ಅಂತ ಗೊತ್ತಾಗ್ಬೇಕ್ರೀ ಸರ್, ಪೂರಾ ಕಡುನೀಲಿ ಹೊಡೀರಿ" ಅಂದರು. ಕಡುಬಣ್ಣ ಬಿಸಿಲನ್ನು ಹೀರುತ್ತದೆ. ಹಗಲೆಲ್ಲ ಕಾದ ಗೋಡೆ ರಾತ್ರಿ ಹತ್ತರವರೆಗೂ ಒಳಗೆ ಶಾಖ ಬಿಡುತ್ತಿರುತ್ತದೆ. ಆದರೆ ಅವರ ಆಸೆಯಲ್ಲಿ ತಪ್ಪೇನೂ ಇರಲಿಲ್ಲ. ಬಿಸಿಲು ಬೀಳುವ ಗೋಡೆಗಳಿಗೆಲ್ಲ ಸುಣ್ಣದ ಬಿಳಿ ಇಟ್ಟೆವು. ನೀಲಿಯನ್ನು ನೆರಳಿರುವ ಕಡೆ ತಂದೆವು: ಎರಡಡಿ ಒಳಗೆ ಸರಿಸಿದ ಗ್ಯಾರೇಜ್ ಶಟರ್‌ಗೆ, ಕಿಟಕಿಗೆ ನೆರಳು ಕೊಡುವ ಸಜ್ಜಾ ಚಪ್ಪಡಿಯ ತಳಭಾಗಕ್ಕೆ, ಮೆಟ್ಟಿಲ ಮೇಲಿನ ಬಾಗಿಲಿಗೆ. ಆ ಬಾಗಿಲಿನ ನಾಲ್ಕು ಮೂಲೆಗೂ ತಾಮ್ರದ ರಿವೆಟ್ ಹೊಡೆಸಿದೆವು, ಜೀನ್ಸ್ ಜೇಬಿನ ಮೂಲೆಯಲ್ಲಿ ಇರುತ್ತದಲ್ಲ, ಅಂಥದ್ದೇ, ದೊಡ್ಡ ಗಾತ್ರದಲ್ಲಿ. ಬಂದವರೆಲ್ಲ ಅದನ್ನು ಬೆರಳಿಂದ ಮುಟ್ಟಿ ನೋಡುತ್ತಾರೆ.

ಕತ್ತರಿಸುವ ಮೇಜನ್ನು ಉತ್ತರದ ಕಿಟಕಿಗೆ ಹೊಂದಿಸಿದೆವು. ಬಣ್ಣ ನೋಡುವ ಕೆಲಸಕ್ಕೆ ಉತ್ತರದ ಬೆಳಕೇ ಸರಿ. ದಿನವಿಡೀ ಹೆಚ್ಚುಕಡಿಮೆ ಒಂದೇ ಸಮ ಇರುತ್ತದೆ. ಒಂದು ಮಾತು ಗಮನದಲ್ಲಿರಲಿ. ಬಳ್ಳಾರಿ ಇರುವುದು 15 ಡಿಗ್ರಿ ಅಕ್ಷಾಂಶದಲ್ಲಿ. ಮೇ ಮೊದಲ ವಾರದಿಂದ ಆಗಸ್ಟ್ ಎರಡನೇ ವಾರದವರೆಗೆ ಮಧ್ಯಾಹ್ನದ ಸೂರ್ಯ ನೆತ್ತಿಯಿಂದ ಸ್ವಲ್ಪ ಉತ್ತರಕ್ಕೆ ವಾಲಿರುತ್ತಾನೆ. ಹಾಗಾಗಿ ಉತ್ತರಕ್ಕೂ ಒಂದೂವರೆ ಅಡಿ ಸಜ್ಜಾ ಬೇಕು. ದಕ್ಷಿಣಕ್ಕೆ ಎರಡಡಿ ಸಾಕು. ಪಶ್ಚಿಮದ ಬಿಸಿಲು ಮಾತ್ರ ಓರೆಯಾಗಿ ಬರುತ್ತದೆ, ಸಜ್ಜಾಕ್ಕೆ ಬಗ್ಗುವುದಿಲ್ಲ. ಆ ಬದಿಗೆ ಬಾತ್‌ರೂಮು, ಮೆಟ್ಟಿಲು, ಬೀರು ಇಡಿ. ಬೇವಿನ ಮರ ಆ ಕಡೆಗಿದ್ದರೆ ದಯವಿಟ್ಟು ಕಡಿಯಬೇಡಿ.

ಚಾವಣಿ ಇನ್ನೂ ಮುಖ್ಯ. ನಮ್ಮ ಕಡೆಯ ಮಾಳಿಗೆ ಮನೆಗಳಲ್ಲಿ ತೊಲೆಗಳ ಮೇಲೆ ದಪ್ಪಗೆ ಮಣ್ಣು ಹಾಸಿರುತ್ತಿದ್ದರು, ಮಧ್ಯೆ ಒಂದು ಬೆಳಕಿಂಡಿ. ಇವತ್ತಿನ ಐದಿಂಚಿನ ಆರ್‌ಸಿಸಿ ಸ್ಲ್ಯಾಬ್‌ಗೆ ಬಿಸಿಲು ತಡೆಯುವ ಆ ತಾಕತ್ತಿಲ್ಲ. ಮೇಲೆ ಬಿಳಿ ಟೈಲ್ಸ್ ಚೂರು ಹಾಸಿ, ಇಲ್ಲವೇ ಬಿಳಿ ಕೋಟಿಂಗ್ ಕೊಡಿ. ಬೆಳಕಿಂಡಿಯನ್ನೂ ಉಳಿಸಿಕೊಳ್ಳಿ ಅನ್ನುತ್ತೇನೆ, ಗಾಜು ಮುಚ್ಚಿ, ಪಕ್ಕಗಳಲ್ಲಿ ಬಿಸಿಗಾಳಿ ಹೊರಹೋಗಲು ಜಾಲರಿ ಬಿಟ್ಟು. ಇನ್ನು ಕೂಲರ್. ಬೇಸಿಗೆಯ ಒಣಗಾಳಿಗೆ ಅದು ಇಲ್ಲಿ ಚೆನ್ನಾಗಿ ಕೆಲಸ ಮಾಡುತ್ತದೆ, ಕರೆಂಟೂ ಕಡಿಮೆ. ಅದಕ್ಕೆ ಕಟ್ಟೆ, ನಲ್ಲಿ, ಪ್ಲಗ್ಗು ಎಲ್ಲವನ್ನೂ ನಕ್ಷೆಯಲ್ಲೇ ತೋರಿಸಿ. ಲಕ್ಷಗಟ್ಟಲೆ ಸುರಿದು ಚಂದ ಮಾಡಿದ ಮುಂಭಾಗದ ಕಿಟಕಿಗೆ ಕೊನೆಗೆ ಕಬ್ಬಿಣದ ಸ್ಟ್ಯಾಂಡ್ ಮೇಲೆ ಕೂಲರ್ ಬಂದು ಕೂರುವುದನ್ನು ನೋಡಿ ನೋಡಿ ಸಾಕಾಗಿದೆ.

ಅಲಂಕಾರಕ್ಕೆ ದೂರ ಹೋಗಬೇಕಿಲ್ಲ. ಕೊಪ್ಪಳದ ಹತ್ತಿರದ ಕಿನ್ನಾಳದ ಚಿತ್ರಗಾರರು ಗೊಂಬೆ ಮಾತ್ರವಲ್ಲ, ಮರದ ಫಲಕವನ್ನೂ ಮಾಡಿಕೊಡುತ್ತಾರೆ. ಸಂಡೂರಿನ ಲಂಬಾಣಿ ಕಸೂತಿಯ ಒಂದು ತುಂಡನ್ನು ಚೌಕಟ್ಟು ಹಾಕಿಸಿ ತೂಗುಹಾಕಿ. ನೆಲಕ್ಕೆ ಶಹಾಬಾದ್ ಕಲ್ಲು, ಮೆಟ್ಟಿಲಿಗೆ ಇಳಕಲ್ಲಿನ ಕೆಂಪು ಗ್ರಾನೈಟ್. ಆದರೆ ಎಲ್ಲವನ್ನೂ ಒಂದೇ ಕೋಣೆಗೆ ತುರುಕಿದರೆ ಅದು ಮನೆಯಲ್ಲ, ಎಂಪೋರಿಯಂ. ನೂರೆಂಬತ್ತು ಚದರಡಿಯಲ್ಲಿ ಒಂದು ವಸ್ತು ಕಣ್ಣಿಗೆ ಬಿದ್ದರೆ ಸಾಕು.

ನೂರೆಂಬತ್ತು ಯಾಕೆ ಅಂದರೆ, ಒಂದು ಕಾರಿಗೆ ಒಳ ಅಳತೆ ಕನಿಷ್ಠ 10 ಅಡಿಗೆ 18 ಅಡಿ ಬೇಕು. ಇನ್ನೋವಾ ಕ್ರಿಸ್ಟಾ ಒಂದೇ ಹದಿನೈದೂವರೆ ಅಡಿ ಉದ್ದ. ಬಾಗಿಲು ತೆಗೆದು ಇಳಿಯಲು ಜಾಗ ಬೇಡವೇ? ಮೆಟ್ಟಿಲು ಇದರೊಳಗೆ ಹಿಡಿಸುವುದಿಲ್ಲ. ಹತ್ತಡಿ ಎತ್ತರಕ್ಕೆ ಪ್ರತಿ ಮೆಟ್ಟಿಲಿಗೆ ಏಳಿಂಚಿನ ಏರು, ಕಾಲಿಡಲು ಹತ್ತಿಂಚಿನ ಹಾಸು ಲೆಕ್ಕ ಹಾಕಿದರೆ ನೇರ ಮೆಟ್ಟಿಲು ಹದಿಮೂರು ಅಡಿ ದಾಟುತ್ತದೆ. ಅದು ಹೊರಗೇ ಇರಲಿ. ಗ್ಯಾರೇಜ್ ಒಳಗಿಂದ ಮೆಟ್ಟಿಲು ಇಟ್ಟರೆ ಕಾರಿನ ಹೊಗೆ ಮೇಲಕ್ಕೆ ಏರುತ್ತದೆ. ಕಾರ್ಬನ್ ಮಾನಾಕ್ಸೈಡ್‌ಗೆ ವಾಸನೆ ಇರುವುದಿಲ್ಲ, ಮಲಗಿದವರಿಗೆ ಗೊತ್ತೂ ಆಗುವುದಿಲ್ಲ. ಸ್ಲ್ಯಾಬ್‌ನಲ್ಲಿ ಪೈಪ್ ಹಾದುಹೋಗುವ ತೂತುಗಳನ್ನೂ ಸಿಮೆಂಟ್‌ನಿಂದ ಬಿಗಿಯಾಗಿ ಮುಚ್ಚಿಸಿ. ಅಂದಹಾಗೆ, ಮಂಡಿನೋವಿನ ಅಮ್ಮನಿಗಾಗಿ ಕಟ್ಟುತ್ತಿದ್ದರೆ ಮಾತೇ ಬೇಡ. ಕಾರನ್ನು ರಸ್ತೆ ಕಡೆ ನಿಲ್ಲಿಸಿ, ಅಮ್ಮನ ಕೋಣೆ ಕೆಳಗೇ ಬರಲಿ.

ಹಳೆ ಶೆಡ್ಡಿನ ಗೋಡೆಯ ಮೇಲೇ ಏರಿಸೋಣ ಎಂದು ಮೇಸ್ತ್ರಿ ಹೇಳಿದರೆ ಒಪ್ಪಬೇಡಿ, ಆ ಪಾಯ ಮಹಡಿಯ ಭಾರಕ್ಕೆ ಹಾಕಿದ್ದಲ್ಲ. ಸಿರುಗುಪ್ಪ, ಸಿಂಧನೂರು ಕಡೆಯ ಎರೆ ಭೂಮಿ ಮಳೆಗೆ ಉಬ್ಬುತ್ತದೆ, ಬೇಸಿಗೆಗೆ ಬಿರಿಯುತ್ತದೆ. ಅಲ್ಲಿ ಮಣ್ಣು ಪರೀಕ್ಷೆ ಮಾಡಿಸದೆ ಪಾಯ ತೋಡಲೇಬಾರದು.

ಚರಂಡಿ ಲೆಕ್ಕವನ್ನೂ ಆಗಲೇ ಮುಗಿಸಿ. ಹಿತ್ತಲು ರಸ್ತೆಯಿಂದ ದೂರ. ನಾಲ್ಕಿಂಚಿನ ಪೈಪ್‌ಗೆ ಅರವತ್ತು ಅಡಿಗೆ ಒಂದಡಿಯಾದರೂ ಇಳಿಜಾರು ಬೇಕು. ರಸ್ತೆಯ ಒಳಚರಂಡಿ ಚೇಂಬರ್ ಎಷ್ಟು ಆಳ ಇದೆ ಎಂದು ಮೊದಲು ಅಳೆದು, ಆಮೇಲೆ ಗ್ಯಾರೇಜಿನ ನೆಲಮಟ್ಟ ಗೊತ್ತುಮಾಡಿ. ಪಕ್ಕದವರ ಕಾಂಪೌಂಡ್‌ಗೆ ಎಷ್ಟು ಜಾಗ ಬಿಡಬೇಕು ಅನ್ನುವುದು ಸೈಟಿನ ಅಳತೆಯ ಮೇಲೆ ನಿಂತಿದೆ. ಬಳ್ಳಾರಿಯಾದರೆ ಪಾಲಿಕೆಯಲ್ಲಿ, ಕೊಪ್ಪಳವಾದರೆ ನಗರಸಭೆಯಲ್ಲಿ ಕೇಳಿ, ನಕ್ಷೆ ಮಂಜೂರು ಮಾಡಿಸಿಕೊಂಡೇ ಶೆಡ್ಡಿನ ತಗಡು ಬಿಚ್ಚಿಸಿ.