ಪದ ಪರಿಚಯ: ಪ್ರೊ-ಲೈಫ್

ಅಮೆರಿಕದ ಅಲಬಾಮಾ ರಾಜ್ಯದಲ್ಲಿ ಮೊಬೈಲ್ ಅಂತ ಒಂದು ಊರಿದೆ. ಹೌದು, ಊರಿನ ಹೆಸರೇ ಹಾಗೆ. 2020ರ ಡಿಸೆಂಬರ್‌ನಲ್ಲಿ ಅಲ್ಲಿನ ಆಸ್ಪತ್ರೆಯ ರೋಗಿಯೊಬ್ಬರು ಸರಿಯಾದ ಕಾವಲಿಲ್ಲದ ಬಾಗಿಲು ದಾಟಿ ಐವಿಎಫ್ (ಮೈಯ ಹೊರಗೆ ಭ್ರೂಣ ಮಾಡಿ ಬಸಿರು ತರಿಸುವ) ಕ್ಲಿನಿಕ್ ಒಳಗೆ ಹೋಗಿಬಿಟ್ಟರು. ಭ್ರೂಣಗಳನ್ನು ಹೆಪ್ಪುಗಟ್ಟಿಸಿ ಇಟ್ಟಿದ್ದ ಜಾಗಕ್ಕೆ ಕೈ ಹಾಕಿ ಕೆಲವನ್ನು ಎತ್ತಿಕೊಂಡರು. ಆ ವಿಪರೀತ ಥಂಡಿಗೆ ಕೈ ಸುಟ್ಟಂತಾಯಿತು. ಹಿಡಿದಿದ್ದನ್ನು ನೆಲಕ್ಕೆ ಬಿಟ್ಟರು. ಭ್ರೂಣಗಳು ಅಲ್ಲೇ ಹಾಳಾದವು.

ಅವು ಮೂರು ದಂಪತಿಗಳಿಗೆ ಸೇರಿದ್ದವು. ಅವರು ಕೋರ್ಟಿಗೆ ಹೋದರು. ನಮ್ಮ ಮಕ್ಕಳು ಸತ್ತಿದ್ದಾರೆ, ಪರಿಹಾರ ಕೊಡಿಸಿ ಎಂದು ಕೇಳಿದರು. ಅಪ್ರಾಪ್ತ ಮಕ್ಕಳ ಸಾವಿಗೆ ಪರಿಹಾರ ಕೊಡಿಸುವ 1872ರ ಕಾಯ್ದೆಯೊಂದು ಅಲಬಾಮಾದಲ್ಲಿದೆ. ಗರ್ಭದ ಹೊರಗೆ ಫ್ರೀಜ್ ಆಗಿರುವ ಭ್ರೂಣಕ್ಕೂ ಅದೇ ಕಾಯ್ದೆ ಅನ್ವಯಿಸುತ್ತದೆ ಎಂದು 2024ರ ಫೆಬ್ರವರಿಯಲ್ಲಿ ಆ ರಾಜ್ಯದ ಸುಪ್ರೀಂ ಕೋರ್ಟ್ ತೀರ್ಪು ಕೊಟ್ಟಿತು. ಕೆಲವು ಐವಿಎಫ್ ಕೇಂದ್ರಗಳು ಹೆದರಿ ಬಾಗಿಲು ಹಾಕಿದವು. ಇಂಜೆಕ್ಷನ್ ತೆಗೆದುಕೊಂಡು ಕಾಯುತ್ತಿದ್ದ ಹೆಂಗಸರು ನಡುನೀರಿನಲ್ಲಿ ಉಳಿದರು. ಕೆಲವೇ ವಾರಗಳಲ್ಲಿ ರಾಜ್ಯದ ಶಾಸಕರು ಐವಿಎಫ್ ಕೇಂದ್ರಗಳಿಗೆ ರಕ್ಷಣೆ ಕೊಡುವ ಕಾನೂನು ತಂದರು. ಆ ಶಾಸಕರಲ್ಲಿ ಹೆಚ್ಚಿನವರು ಪ್ರೊ-ಲೈಫ್ ಎಂದೇ ಹೇಳಿಕೊಂಡು ಗೆದ್ದವರು ಅನ್ನುವುದು ಗಮನಿಸಬೇಕಾದ ಮಾತು.

ಹಾಗಾದರೆ ಪ್ರೊ-ಲೈಫ್ ಅಂದರೇನು? ಅಂಡಾಣು, ವೀರ್ಯಾಣು ಕೂಡಿದ ಗಳಿಗೆಯಿಂದಲೇ ಅದೊಂದು ಮನುಷ್ಯ ಜೀವ, ಹುಟ್ಟಿದ ಮಗುವಿಗಿರುವ ಬದುಕುವ ಹಕ್ಕು ಅದಕ್ಕೂ ಇದೆ, ಕಾನೂನು ಅದನ್ನು ಕಾಪಾಡಬೇಕು, ಗರ್ಭಪಾತ ಕೂಡದು ಎನ್ನುವ ನಿಲುವು. ಆ ನಿಲುವಿಗಾಗಿ ನಡೆಯುವ ಚಳವಳಿಗೂ ಇದೇ ಹೆಸರು. ಇದಕ್ಕೆ ಎದುರಾಗಿ ನಿಲ್ಲುವವರು ಪ್ರೊ-ಚಾಯ್ಸ್. ಬಸುರಿ ಆಗಬೇಕೋ ಬೇಡವೋ, ಉಳಿಸಿಕೊಳ್ಳಬೇಕೋ ಬೇಡವೋ ಎನ್ನುವುದು ಆ ಹೆಂಗಸಿನ ತೀರ್ಮಾನ ಎನ್ನುವವರು. ಎರಡೂ ತಾವೇ ಇಟ್ಟುಕೊಂಡ ಹೆಸರುಗಳು. ನಾವು ಜೀವದ ವಿರೋಧಿಗಳು ಅಂತಲೋ ಆಯ್ಕೆಯ ವಿರೋಧಿಗಳು ಅಂತಲೋ ಯಾರಾದರೂ ಬೋರ್ಡು ಹಾಕಿಕೊಳ್ಳುತ್ತಾರಾ?

ಪ್ರೊ-ಲೈಫ್ ಜನರ ವಾದವನ್ನು ಅವರದೇ ದಾರಿಯಲ್ಲಿ ಒಮ್ಮೆ ನೋಡಬೇಕು. ಬರೀ ಧರ್ಮದ ಹಟ ಎಂದು ತಳ್ಳಿಹಾಕಿದರೆ ಅದು ಅರ್ಥವಾಗುವುದಿಲ್ಲ. ಅವರು ಕೇಳುವ ಪ್ರಶ್ನೆ ಸರಳ. ಇವತ್ತಿನ ನೀವು ಹೋದ ವರ್ಷದ ನೀವೇ. ಹುಟ್ಟಿದ ದಿನದ ಕೂಸೂ ನೀವೇ. ಹಾಗೇ ಹಿಂದಕ್ಕೆ ಹೋಗುತ್ತಾ ಹೋದರೆ ಯಾವ ದಿನ ‘ಇದು ನಾನಲ್ಲ’ ಅಂತ ಗೆರೆ ಎಳೆಯುತ್ತೀರಿ? ಎದೆಬಡಿತಕ್ಕಾ, ನೋವು ತಿಳಿಯುವುದಕ್ಕಾ, ಹೊರಗೆ ಬದುಕಬಲ್ಲ ಶಕ್ತಿಗಾ? ಎಲ್ಲಿ ಎಳೆದರೂ ಅದು ನಮ್ಮ ಅನುಕೂಲದ ಗೆರೆ, ಮೊದಲ ಗಳಿಗೆ ಮಾತ್ರ ನಿಜವಾದ ಆರಂಭ ಎನ್ನುತ್ತಾರೆ. ಎದುರು ಪಕ್ಷದ ಉತ್ತರವೂ ಸರಳವೇ. ಕಣ್ಣಿಗೆ ಕಾಣದ ಕೆಲವು ಕೋಶಗಳಿಗೂ ನೋವು, ನಲಿವು, ಸಂಸಾರ ಇರುವ ಹೆಂಗಸಿಗೂ ಒಂದೇ ತೂಕ ಹೇಗೆ? ಅಲ್ಲದೆ ಆ ಜೀವ ಇರುವುದು ಇನ್ನೊಬ್ಬರ ಮೈಯೊಳಗೆ. ಒಪ್ಪಿಗೆ ಇಲ್ಲದೆ ಒಬ್ಬರ ಮೈಯನ್ನು ಇನ್ನೊಬ್ಬರಿಗಾಗಿ ಒಂಬತ್ತು ತಿಂಗಳು ಬಳಸಿಕೊಳ್ಳಲು ಕಾನೂನು ಒತ್ತಾಯಿಸಬಹುದಾ?

ಚಳವಳಿ ಬೆಳೆದದ್ದು ಅಮೆರಿಕದಲ್ಲಿ. ಶುರುವಿನಲ್ಲಿ ಅದು ಮುಖ್ಯವಾಗಿ ಕ್ಯಾಥೊಲಿಕರದ್ದು. ಇವತ್ತು ಚಳವಳಿಯ ಬೆನ್ನೆಲುಬಾಗಿರುವ ಸದರ್ನ್ ಬ್ಯಾಪ್ಟಿಸ್ಟ್ ಎಂಬ ಪ್ರಾಟೆಸ್ಟೆಂಟ್ ಚರ್ಚು 1971ರಲ್ಲಿ ಅತ್ಯಾಚಾರ, ಭ್ರೂಣದ ಗಂಭೀರ ದೋಷ, ತಾಯಿಯ ಆರೋಗ್ಯದಂಥ ಕಾರಣಗಳಿಗೆ ಗರ್ಭಪಾತಕ್ಕೆ ಅವಕಾಶ ಇರಲಿ ಎಂದು ನಿರ್ಣಯ ಮಾಡಿತ್ತು. ಈಗ ಹೇಳಿದರೆ ನಂಬುವುದು ಕಷ್ಟ. 1973ರ ಜನವರಿ 22ರಂದು ಅಮೆರಿಕದ ಸುಪ್ರೀಂ ಕೋರ್ಟ್ ರೋ ವರ್ಸಸ್ ವೇಡ್ ಪ್ರಕರಣದಲ್ಲಿ ಗರ್ಭಪಾತವನ್ನು ಸಂವಿಧಾನದ ಹಕ್ಕು ಎಂದಿತು. ಮರುವರ್ಷ ಅದೇ ದಿನ ನೆಲ್ಲಿ ಗ್ರೇ ಎನ್ನುವ ವಕೀಲೆ ವಾಷಿಂಗ್ಟನ್‌ನಲ್ಲಿ ‘ಮಾರ್ಚ್ ಫಾರ್ ಲೈಫ್’ ಮೆರವಣಿಗೆ ಶುರುಮಾಡಿದರು. ಕೊರೆಯುವ ಚಳಿಯಲ್ಲಿ ಪ್ರತಿ ಜನವರಿ ಅದು ನಡೆಯುತ್ತಲೇ ಬಂದಿದೆ. 1980ರ ಹೊತ್ತಿಗೆ ಬ್ಯಾಪ್ಟಿಸ್ಟರೂ, ರಿಪಬ್ಲಿಕನ್ ಪಕ್ಷವೂ ಪೂರ್ತಿ ಆ ಕಡೆ ವಾಲಿದ್ದರು.

ಚಳವಳಿಯಲ್ಲಿ ಎಲ್ಲರೂ ಒಂದೇ ಥರ ಇಲ್ಲ. ಕ್ಲಿನಿಕ್ ಮುಂದೆ ಜಪಮಾಲೆ ಹಿಡಿದು ಸುಮ್ಮನೆ ನಿಲ್ಲುವವರಿದ್ದಾರೆ. ಬಡ ಬಸುರಿಯರಿಗೆ ಡೈಪರು, ತೊಟ್ಟಿಲು ಕೊಡುವ ಕೇಂದ್ರ ನಡೆಸುವವರಿದ್ದಾರೆ. ಅಂಥ ಕೆಲವು ಕೇಂದ್ರಗಳು ಕ್ಲಿನಿಕ್ ಥರ ಕಾಣಿಸಿಕೊಂಡು ಹೆಂಗಸರ ದಾರಿ ತಪ್ಪಿಸುತ್ತವೆ ಎನ್ನುವ ದೂರೂ ಇದೆ. ಕೊಲೆಗಿಳಿದವರೂ ಇದ್ದರು. ಕಾನ್ಸಸ್‌ನಲ್ಲಿ ಗರ್ಭಪಾತ ಮಾಡುತ್ತಿದ್ದ ಡಾ. ಜಾರ್ಜ್ ಟಿಲ್ಲರ್ ಅವರನ್ನು 2009ರ ಮೇ 31ರಂದು ಅವರದೇ ಚರ್ಚಿನೊಳಗೆ ಗುಂಡಿಟ್ಟು ಕೊಂದರು. ಚಳವಳಿಯ ದೊಡ್ಡ ಸಂಘಟನೆಗಳು ಅದನ್ನು ಖಂಡಿಸಿದವು. ಜೀವದ ಪರ ಅಂದಮೇಲೆ ಗಲ್ಲು ಶಿಕ್ಷೆ, ಯುದ್ಧ, ಬಡತನ ಎಲ್ಲದರ ವಿರುದ್ಧವೂ ನಿಲ್ಲಬೇಕು ಎಂದು 1983ರಲ್ಲಿ ಕ್ಯಾಥೊಲಿಕ್ ಧರ್ಮಗುರು ಕಾರ್ಡಿನಲ್ ಬರ್ನಾರ್ಡಿನ್ ವಾದಿಸಿದರು. ಆ ಮಾತಿಗೆ ಗೌರವ ಸಿಕ್ಕಿತು, ಅನುಯಾಯಿಗಳು ಅಷ್ಟಾಗಿ ಸಿಗಲಿಲ್ಲ.

2022ರ ಜೂನ್ 24ರಂದು ಡಾಬ್ಸ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ರೋ ತೀರ್ಪನ್ನು ರದ್ದು ಮಾಡಿತು. ವಿಷಯ ರಾಜ್ಯಗಳ ಕೈಗೆ ಹೋಯಿತು. ಟೆಕ್ಸಸ್‌ನಂಥ ಕಡೆ ಹೆಚ್ಚುಕಡಿಮೆ ಪೂರ್ತಿ ನಿಷೇಧ ಬಂತು. ಆದರೆ ಆಗಸ್ಟ್‌ನಲ್ಲೇ, ರಿಪಬ್ಲಿಕನ್ ಕೋಟೆಯಾದ ಕಾನ್ಸಸ್‌ನಲ್ಲಿ ಜನ ಗರ್ಭಪಾತದ ಹಕ್ಕು ತೆಗೆಯುವ ಪ್ರಸ್ತಾವವನ್ನು ಮತ ಹಾಕಿ ಸೋಲಿಸಿದರು. ಐವತ್ತು ವರ್ಷ ಬೇಡಿದ್ದು ಕೈಗೆ ಬಂದಮೇಲೆ ಚಳವಳಿ ಮತಪೆಟ್ಟಿಗೆಯಲ್ಲಿ ಮೇಲಿಂದ ಮೇಲೆ ಸೋತಿದೆ. ಈಗಿನ ಜಗಳ ಹೆಚ್ಚಾಗಿ ಮಾತ್ರೆಯ ಸುತ್ತ. ಮಿಫೆಪ್ರಿಸ್ಟೋನ್ ಎಂಬ ಗರ್ಭಪಾತದ ಮಾತ್ರೆಗೆ ಅಲ್ಲಿ 2000ನೇ ಇಸವಿಯಲ್ಲೇ ಒಪ್ಪಿಗೆ ಸಿಕ್ಕಿದೆ. ಅದು ಅಂಚೆಯಲ್ಲಿ ಮನೆಗೆ ಬರುತ್ತದೆ, ಕ್ಲಿನಿಕ್ ಮುಂದೆ ನಿಂತವರಿಗೆ ಕಾಣುವುದೇ ಇಲ್ಲ. ಅದಕ್ಕೆ ಕಡಿವಾಣ ಹಾಕಿ ಎಂದು ಹೋದ ಪ್ರೊ-ಲೈಫ್ ವೈದ್ಯರ ಕೇಸನ್ನು 2024ರ ಜೂನ್‌ನಲ್ಲಿ ಸುಪ್ರೀಂ ಕೋರ್ಟ್ ಒಮ್ಮತದಿಂದ ತಳ್ಳಿಹಾಕಿತು. ಮಾತ್ರೆ ಸರಿಯೋ ತಪ್ಪೋ ಎಂದು ಹೇಳಲಿಲ್ಲ. ನಿಮಗೆ ಈ ಕೇಸು ಹಾಕುವ ಹಕ್ಕಿಲ್ಲ ಎಂದಿತು, ಅಷ್ಟೆ.

ಕನ್ನಡದವರಿಗೆ ಈ ವಿಷಯ ನೇರವಾಗಿ ತಟ್ಟಿದ್ದು ಅಮೆರಿಕದಿಂದಲ್ಲ, ಐರ್ಲೆಂಡಿನಿಂದ. ಬೆಳಗಾವಿಯ ದಂತವೈದ್ಯೆ ಸವಿತಾ ಹಾಲಪ್ಪನವರ ಗಂಡನ ಜೊತೆ ಗಾಲ್ವೇ ಎಂಬ ಊರಿನಲ್ಲಿದ್ದರು. 2012ರ ಅಕ್ಟೋಬರ್ 21ರಂದು ಬೆನ್ನುನೋವೆಂದು ಆಸ್ಪತ್ರೆಗೆ ಹೋದರು. 17 ವಾರದ ಬಸುರಿ. ಮಗು ಉಳಿಯುವುದಿಲ್ಲ ಎಂದು ವೈದ್ಯರೇ ಹೇಳಿದರು. ಹಾಗಿದ್ದರೆ ಮುಗಿಸಿಬಿಡಿ ಎಂದು ಸವಿತಾ ಕೇಳಿಕೊಂಡರು. ಭ್ರೂಣದ ಎದೆಬಡಿತ ಇರುವವರೆಗೆ ಆಗುವುದಿಲ್ಲ ಎಂಬ ಉತ್ತರ ಬಂತು. ಇದು ಕ್ಯಾಥೊಲಿಕ್ ದೇಶ ಎಂಬ ಅರ್ಥದ ಮಾತು ತಾನು ಆಡಿದ್ದು ನಿಜ ಎಂದು ಸೂಲಗಿತ್ತಿ ನರ್ಸ್ ಒಬ್ಬರು ಆಮೇಲೆ ವಿಚಾರಣೆಯಲ್ಲಿ ಒಪ್ಪಿಕೊಂಡರು. ನಂಜು ರಕ್ತಕ್ಕೆ ಏರಿ ಅಕ್ಟೋಬರ್ 28ರಂದು ಸವಿತಾ ತೀರಿಕೊಂಡರು. ಅವರಿಗೆ 31 ವರ್ಷ.

ತಾಯಿಗೂ ಹುಟ್ಟದ ಜೀವಕ್ಕೂ ಸಮಾನ ಹಕ್ಕು ಎಂದು ಐರ್ಲೆಂಡ್ 1983ರಲ್ಲೇ ಸಂವಿಧಾನದ ಎಂಟನೇ ತಿದ್ದುಪಡಿಯಾಗಿ ಸೇರಿಸಿಕೊಂಡಿತ್ತು. ಸವಿತಾ ಸತ್ತದ್ದು ಸೋಂಕನ್ನು ಸಮಯಕ್ಕೆ ಗುರುತಿಸದ ವೈದ್ಯಕೀಯ ತಪ್ಪಿನಿಂದ, ಕಾನೂನಿನಿಂದ ಅಲ್ಲ ಎಂದು ಅಲ್ಲಿನ ಪ್ರೊ-ಲೈಫ್ ಸಂಘಟನೆಗಳು ವಾದಿಸಿದವು. ಅದರಲ್ಲಿ ಅರ್ಧ ನಿಜವಿದೆ. ನಿಗಾ ಸಾಲಲಿಲ್ಲ ಎಂದು ತನಿಖಾ ವರದಿಯೂ ಹೇಳಿತು. ಆದರೆ ಎದೆಬಡಿತ ನಿಲ್ಲಲಿ ಎಂದು ಕಾಯುವ ಸ್ಥಿತಿ ತಂದದ್ದು ಕಾನೂನೇ, ಅದೂ ಅದೇ ವರದಿಯಲ್ಲಿ ಇದೆ. ಇಬ್ಬರಿಗೂ ಸಮಾನ ಹಕ್ಕು ಎಂದು ಕಾಗದದ ಮೇಲೆ ಬರೆಯುವುದು ಸುಲಭ. ಹಾಸಿಗೆಯ ಪಕ್ಕ ನಿಂತ ವೈದ್ಯರು ಆ ಸಮಾನತೆಯನ್ನು ಗಂಟೆಗಳಲ್ಲಿ ಲೆಕ್ಕ ಹಾಕಬೇಕಾಗುತ್ತದೆ. ಜೈಲಿನ ಭಯವೂ ಇರುತ್ತದೆ. 2018ರ ಮೇ 25ರಂದು 66.4 ಶೇಕಡಾ ಐರಿಷ್ ಮತದಾರರು ಎಂಟನೇ ತಿದ್ದುಪಡಿಯನ್ನು ತೆಗೆದುಹಾಕಿದರು. ತೆಗೆಯಿರಿ ಎಂದು ಬೆಳಗಾವಿಯಿಂದ ಸವಿತಾ ಅವರ ತಂದೆಯೂ ಮನವಿ ಮಾಡಿದ್ದರು.

ಗರ್ಭನಿರೋಧಕದ ಜಗಳಕ್ಕೆ ಬರೋಣ. ಇಲ್ಲಿ ಪ್ರೊ-ಲೈಫ್ ಪಾಳಯದಲ್ಲೇ ಬಿರುಕಿದೆ. ಕ್ಯಾಥೊಲಿಕ್ ಚರ್ಚು ಮಾತ್ರೆ, ನಿರೋಧ್, ಆಪರೇಷನ್ ಎಲ್ಲವನ್ನೂ ಬೇಡ ಎನ್ನುತ್ತದೆ. 1968ರಲ್ಲಿ ಆರನೇ ಪೋಪ್ ಪೌಲ್ ತಾವೇ ವಿಸ್ತರಿಸಿದ್ದ ಆಯೋಗದ ಬಹುಮತದ ಸಲಹೆಯನ್ನು ಬದಿಗಿಟ್ಟು ಹಾಗೆಂದು ವಿಧಿಸಿದರು. ದಿನ ಲೆಕ್ಕ ಹಾಕಿ ದೂರ ಇರುವುದಕ್ಕೆ ಮಾತ್ರ ಒಪ್ಪಿಗೆ. ಪ್ರಾಟೆಸ್ಟೆಂಟರಲ್ಲಿ ಹೆಚ್ಚಿನವರಿಗೆ ಗರ್ಭನಿರೋಧಕದ ಬಗ್ಗೆ ತಕರಾರಿಲ್ಲ. ಅವರ ಅನುಮಾನ ಐ-ಪಿಲ್‌ನಂಥ ತುರ್ತು ಮಾತ್ರೆ ಮತ್ತು ಕಾಪರ್-ಟಿ ಮೇಲೆ. ಕಾರಣ ಇಷ್ಟೆ: ವೈದ್ಯರ ಲೆಕ್ಕದಲ್ಲಿ ಬಸಿರು ಶುರುವಾಗುವುದು ಭ್ರೂಣ ಗರ್ಭಕೋಶಕ್ಕೆ ಅಂಟಿಕೊಂಡಾಗ. ಪ್ರೊ-ಲೈಫ್ ಲೆಕ್ಕದಲ್ಲಿ ಅದಕ್ಕೂ ಸುಮಾರು ವಾರ ಮೊದಲೇ ಜೀವ ಶುರುವಾಗಿದೆ. ಹಾಗಾಗಿ ಅಂಟಿಕೊಳ್ಳದಂತೆ ತಡೆಯುವ ಯಾವುದಾದರೂ ಅವರಿಗೆ ಗರ್ಭಪಾತವೇ. ತುರ್ತು ಮಾತ್ರೆ ಕೆಲಸ ಮಾಡುವುದು ಅಂಡಾಣು ಬಿಡುಗಡೆಯನ್ನು ತಡೆದು, ಅಂಟಿಕೊಳ್ಳುವುದನ್ನು ಅದು ತಡೆಯುವುದಿಲ್ಲ ಎಂದು ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ 2022ರ ಡಿಸೆಂಬರ್‌ನಲ್ಲಿ ಡಬ್ಬಿಯ ಮಾಹಿತಿಯನ್ನೇ ಬದಲಿಸಿತು. ಕಾಪರ್-ಟಿ ವಿಷಯ ಅಷ್ಟು ಸಲೀಸಲ್ಲ. ಅದು ಮುಖ್ಯವಾಗಿ ವೀರ್ಯಾಣುವನ್ನೇ ನಿಷ್ಕ್ರಿಯ ಮಾಡುತ್ತದೆ, ಆದರೆ ತುರ್ತಿಗೆ ಹಾಕಿಸಿಕೊಂಡಾಗ ಅಂಟಿಕೊಳ್ಳುವುದನ್ನೂ ತಡೆಯಬಹುದು.

ಈ ನಂಬಿಕೆ ಕೋರ್ಟಿನಲ್ಲೂ ಗೆದ್ದಿದೆ. ಕರಕುಶಲ ಸಾಮಾನು ಮಾರುವ ಅಮೆರಿಕದ ಹಾಬಿ ಲಾಬಿ ಕಂಪನಿಯ ಮಾಲೀಕರು ನೌಕರರ ವಿಮೆಯಲ್ಲಿ ಇಂಥ ನಾಲ್ಕು ವಿಧಾನಗಳಿಗೆ ನಾವು ದುಡ್ಡು ಕೊಡುವುದಿಲ್ಲ ಎಂದರು. 2014ರಲ್ಲಿ ಸುಪ್ರೀಂ ಕೋರ್ಟ್ 5-4ರಲ್ಲಿ ಅವರ ಪರ ನಿಂತಿತು. ಇದೇ ವಿಷಯದಲ್ಲಿ ಮೈಸೂರು ಸಂಸ್ಥಾನವನ್ನು ನೆನೆಯದೆ ಇರಲಾಗದು. 1930ರಲ್ಲೇ ಅಲ್ಲಿನ ಸರ್ಕಾರ ತಾನೇ ಜನನ ನಿಯಂತ್ರಣ ಕ್ಲಿನಿಕ್‌ಗಳನ್ನು ತೆರೆಯಿತು. ಆ ಕಾಲಕ್ಕೆ ಅಮೆರಿಕದಲ್ಲಿ ಗರ್ಭನಿರೋಧಕವನ್ನು ಅಂಚೆಯಲ್ಲಿ ಕಳಿಸುವುದೂ ಅಪರಾಧವಾಗಿತ್ತು.

ಕ್ಲೋನಿಂಗ್, ಅಂದರೆ ಜೀವಿಯೊಂದರ ತದ್ರೂಪು ಹುಟ್ಟಿಸುವುದು, ಈ ಜಗಳಕ್ಕೆ ಯಾಕೆ ಬಂತು? 1996ರಲ್ಲಿ ಸ್ಕಾಟ್ಲೆಂಡ್‌ನ ರಾಸ್ಲಿನ್ ಸಂಸ್ಥೆಯಲ್ಲಿ ಡಾಲಿ ಕುರಿ ಹುಟ್ಟಿತು. ಅಂಡಾಣುವಿನ ಕೇಂದ್ರವನ್ನು ತೆಗೆದು, ದೊಡ್ಡ ಕುರಿಯ ಕೆಚ್ಚಲಿನ ಕೋಶದ ಕೇಂದ್ರವನ್ನು ಅಲ್ಲಿಟ್ಟರು. 277 ಪ್ರಯತ್ನಗಳಲ್ಲಿ ಬದುಕಿ ಹುಟ್ಟಿದ್ದು ಒಂದೇ ಮರಿ. ಮನುಷ್ಯರನ್ನು ಹೀಗೆ ಹುಟ್ಟಿಸಬಾರದು ಎನ್ನುವುದಕ್ಕೆ ಎಲ್ಲ ಪಾಳಯಗಳೂ ಹೆಚ್ಚುಕಡಿಮೆ ಹೂಂ ಎನ್ನುತ್ತವೆ. ಜಗಳ ಇರುವುದು ಇನ್ನೊಂದರಲ್ಲಿ: ಇದೇ ವಿಧಾನದಲ್ಲಿ ಭ್ರೂಣ ಮಾಡಿ, ಕೆಲವು ದಿನ ಬೆಳೆಸಿ, ಒಡೆದು ಸ್ಟೆಮ್ ಸೆಲ್ (ಬೇರೆ ಬೇರೆ ಅಂಗಗಳ ಕೋಶವಾಗಿ ಬೆಳೆಯಬಲ್ಲ ಮೂಲ ಕೋಶ) ತೆಗೆದು ಕಾಯಿಲೆಗೆ ಔಷಧ ಹುಡುಕುವುದು. ವಿಜ್ಞಾನಿಗಳಿಗೆ ಇದು ಚಿಕಿತ್ಸೆಯ ದಾರಿ. ಪ್ರೊ-ಲೈಫ್ ಕಣ್ಣಿಗೆ ಇದು ಕೊಲ್ಲುವುದಕ್ಕೆಂದೇ ಹುಟ್ಟಿಸುವುದು, ಅಂದರೆ ಗರ್ಭಪಾತಕ್ಕಿಂತಲೂ ಕೆಟ್ಟದ್ದು. 2001ರ ಆಗಸ್ಟ್‌ನಲ್ಲಿ ಅಧ್ಯಕ್ಷ ಬುಷ್, ಆಗಲೇ ತೆಗೆದಿಟ್ಟ ಭ್ರೂಣ ಕೋಶಗಳ ಸಂಶೋಧನೆಗೆ ಮಾತ್ರ ಕೇಂದ್ರದ ಹಣ ಎಂದು ಗೆರೆ ಎಳೆದರು. 2005ರಲ್ಲಿ ವಿಶ್ವಸಂಸ್ಥೆ ಎಲ್ಲ ಬಗೆಯ ಮಾನವ ಕ್ಲೋನಿಂಗ್ ವಿರುದ್ಧ ಘೋಷಣೆ ಹೊರಡಿಸಿದಾಗ ಭಾರತ ವಿರುದ್ಧ ಮತ ಹಾಕಿತು. ಚಿಕಿತ್ಸೆಯ ದಾರಿ ಮುಚ್ಚಬಾರದು ಎನ್ನುವುದು ಅಂಥ ದೇಶಗಳ ಕಾರಣ. ಕೊನೆಗೆ ಜಗಳದ ಕಾವು ಇಳಿಸಿದ್ದು ಜಪಾನಿನ ಶಿನ್ಯಾ ಯಮನಾಕ. ಮೈಯ ಸಾಧಾರಣ ಕೋಶವನ್ನೇ ಸ್ಟೆಮ್ ಸೆಲ್ ಆಗಿ ಬದಲಿಸಬಹುದು ಎಂದು 2006ರಲ್ಲಿ ಇಲಿಯಲ್ಲಿ, ಮರುವರ್ಷ ಮನುಷ್ಯರಲ್ಲಿ ತೋರಿಸಿದರು. ನಾವು ಹೇಳಲಿಲ್ವಾ, ಭ್ರೂಣ ಬೇಕಾಗಿಯೇ ಇರಲಿಲ್ಲ ಎಂದು ಪ್ರೊ-ಲೈಫ್ ಜನ ಬೀಗಿದರು. ಭ್ರೂಣ ಕೋಶಗಳ ಮೇಲೆ ನಡೆದ ಕೆಲಸವೇ ಇಲ್ಲಿಗೆ ದಾರಿ ತೋರಿಸಿದ್ದು ಎಂದು ವಿಜ್ಞಾನಿಗಳು ಉತ್ತರಿಸಿದರು.

ನಮ್ಮಲ್ಲಿ ‘ಭ್ರೂಣ ಹತ್ಯೆ ವಿರೋಧ’ ಎಂದರೆ ಪ್ರೊ-ಲೈಫ್ ಅಂತಲೇ ತಿಳಿಯುವವರಿದ್ದಾರೆ. ಎರಡೂ ಬೇರೆ. 2023ರ ನವೆಂಬರ್‌ನಲ್ಲಿ ಬೆಂಗಳೂರು ಪೊಲೀಸರು ಹಿಡಿದ ಜಾಲವನ್ನು ನೆನೆಯಿರಿ. ಮಂಡ್ಯದ ಆಲೆಮನೆಯಲ್ಲಿ, ಬೆಲ್ಲ ಬೇಯಿಸುವ ಜಾಗದಲ್ಲಿ, ಸ್ಕ್ಯಾನಿಂಗ್ ಮಷೀನ್ ಇಟ್ಟು ಹೆಣ್ಣೋ ಗಂಡೋ ನೋಡುತ್ತಿದ್ದರು. ಅಲ್ಲಿ ಅಪರಾಧ ಆಗಿದ್ದು ಹೆಣ್ಣೆಂಬ ಕಾರಣಕ್ಕೆ ತೆಗೆಸಿದ್ದು. 1994ರ ಕಾಯ್ದೆ ಹೊಡೆಯುವುದು ಲಿಂಗ ಪತ್ತೆಯನ್ನು. ಗರ್ಭಪಾತವಂತೂ ಇಲ್ಲಿ 1971ರಿಂದಲೇ ಷರತ್ತಿನ ಮೇಲೆ ಕಾನೂನುಬದ್ಧ. ಆ ಎಂಟಿಪಿ (ವೈದ್ಯಕೀಯ ಗರ್ಭಪಾತ) ಕಾಯ್ದೆ ಬಂದದ್ದು ಕಳ್ಳ ಗರ್ಭಪಾತದಲ್ಲಿ ಸಾಯುವ ಹೆಂಗಸರನ್ನು ಉಳಿಸಲು. ಜನಸಂಖ್ಯೆಯ ಚಿಂತೆಯೂ ಹಿಂದೆ ಇತ್ತು. ಹಕ್ಕಿನ ಮಾತು ಬಂದದ್ದು ತೀರಾ ಇತ್ತೀಚೆಗೆ. 2021ರ ತಿದ್ದುಪಡಿ ಕೆಲವು ವರ್ಗದ ಹೆಂಗಸರಿಗೆ ಮಿತಿಯನ್ನು 24 ವಾರಕ್ಕೆ ಏರಿಸಿತು. ಮದುವೆಯಾಗದವರಿಗೂ ಅದು ಸಲ್ಲುತ್ತದೆ ಎಂದು 2022ರ ಸೆಪ್ಟೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ಹೇಳಿತು.

ಆದರೂ ಮೂಲ ಪ್ರಶ್ನೆ ಇಲ್ಲಿಗೂ ಬಂತು. 2023ರ ಅಕ್ಟೋಬರ್‌ನಲ್ಲಿ ಎರಡು ಮಕ್ಕಳ ತಾಯಿಯೊಬ್ಬರು 26 ವಾರದ ಗರ್ಭ ತೆಗೆಸಲು ಸುಪ್ರೀಂ ಕೋರ್ಟಿಗೆ ಹೋದರು. ಮೊಲೆ ಕುಡಿಸುತ್ತಿದ್ದ ಅವಧಿ ಅದು, ಮುಟ್ಟು ನಿಂತೇ ಇತ್ತು. ಹಾಗಾಗಿ ಬಸುರಾದದ್ದು ತಿಳಿದಿರಲಿಲ್ಲ. ಎರಡನೇ ಹೆರಿಗೆಯ ನಂತರದ ಮಾನಸಿಕ ತೊಂದರೆಗೆ ಔಷಧವೂ ನಡೆದಿತ್ತು. ಇಬ್ಬರು ನ್ಯಾಯಮೂರ್ತಿಗಳ ಪೀಠ ಮೊದಲು ಒಪ್ಪಿತು. ಆಮೇಲೆ ಏಮ್ಸ್ ವೈದ್ಯರೊಬ್ಬರಿಂದ ಇ-ಮೇಲ್ ಬಂತು. ಮಗು ಬದುಕುವ ಸಾಧ್ಯತೆ ಇದೆ, ಎದೆಬಡಿತ ನಿಲ್ಲಿಸಬೇಕೇ ಎಂದು ಕೇಳಿದ್ದರು. ಪೀಠ ಒಡೆಯಿತು. ನ್ಯಾಯಮೂರ್ತಿ ಹಿಮಾ ಕೊಹ್ಲಿ ಮೊದಲು ಕೊಟ್ಟ ಒಪ್ಪಿಗೆಯಿಂದ ಹಿಂದೆ ಸರಿದರು. ಕರ್ನಾಟಕದವರೇ ಆದ ನ್ಯಾಯಮೂರ್ತಿ ಬಿ.ವಿ. ನಾಗರತ್ನ ಆ ತಾಯಿಯ ತೀರ್ಮಾನವನ್ನು ಗೌರವಿಸಬೇಕು ಎಂದರು. ಕೇಸು ಮೂವರ ಪೀಠಕ್ಕೆ ಹೋಯಿತು. ಅಕ್ಟೋಬರ್ 16ರಂದು ಆ ಪೀಠ ಅನುಮತಿ ಇಲ್ಲ ಎಂದಿತು. 24 ವಾರ ದಾಟಿದೆ, ತಾಯಿಯ ಜೀವಕ್ಕೆ ತಕ್ಷಣದ ಅಪಾಯವಿಲ್ಲ, ಭ್ರೂಣದಲ್ಲಿ ದೋಷವಿಲ್ಲ ಎನ್ನುವುದು ಕಾರಣ. ಹೆರಿಗೆಯ ಖರ್ಚು ಸರ್ಕಾರದ್ದು, ಮಗುವನ್ನು ದತ್ತು ಕೊಡುವುದು ಬಿಡುವುದು ತಂದೆತಾಯಿಗೆ ಬಿಟ್ಟದ್ದು ಎಂದೂ ಆದೇಶದಲ್ಲಿ ಸೇರಿಸಿತು.