ಪ್ರವಾಹಕ್ಕೆ ನದಿಯೇ ಬೇಕಿಲ್ಲ

ಬೆಂಗಳೂರಿನಲ್ಲಿ ದೊಡ್ಡ ನದಿ ಇಲ್ಲ. ಊರು ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಮೇಲಿದೆ. ಹಾಗಿದ್ದೂ 2022ರ ಸೆಪ್ಟೆಂಬರ್‌ನಲ್ಲಿ ಯಮಲೂರಿನ ಜನ ಟ್ರ್ಯಾಕ್ಟರ್ ಹತ್ತಿ ಆಫೀಸಿಗೆ ಹೋದರು. ಯಾಕೆ ಅಂತ ಕೇಳಿದರೆ ಎಲ್ಲರದೂ ಒಂದೇ ಉತ್ತರ: ‘ಮಳೆ ಜಾಸ್ತಿ ಆಯ್ತು’. ಈ ಉತ್ತರ ಕೇಳಿದಾಗಲೆಲ್ಲ ನನಗೆ ಕಸಿವಿಸಿಯಾಗುತ್ತದೆ. ಊರು ಮುಳುಗಿದ ಆ ರಾತ್ರಿ ಬಿದ್ದದ್ದು ಹೆಚ್ಚುಕಮ್ಮಿ 130 ಮಿಲಿಮೀಟರ್. ಆಗುಂಬೆಯಲ್ಲಿ ಆಷಾಢದ ದಿನಗಳಲ್ಲಿ ಅಷ್ಟು ಮಳೆ ಸುರಿದರೆ ಅದು ಸುದ್ದಿಯೇ ಅಲ್ಲ.

ಎಷ್ಟು ಮಳೆ ಬಿತ್ತು ಅನ್ನುವುದು ಅರ್ಧ ಲೆಕ್ಕ. ಬಿದ್ದ ನೀರು ಎಷ್ಟು ಹೊತ್ತಿನಲ್ಲಿ ಒಂದೇ ಕಡೆ ಬಂದು ಸೇರುತ್ತದೆ ಅನ್ನುವುದು ಉಳಿದರ್ಧ. ಜಲವಿಜ್ಞಾನಿಗಳು ತಲೆ ಕೆಡಿಸಿಕೊಳ್ಳುವುದು ಇದರ ಬಗ್ಗೆಯೇ.

ಅವರು ಮೊದಲು ಮಾಡುವ ಕೆಲಸ ಗಡಿ ಗುರುತಿಸುವುದು. ವಾರ್ಡಿನ ಗಡಿಯಲ್ಲ, ನೀರಿನ ಗಡಿ. ಯಾವ ಏಣಿನ ಈಚೆ ಬಿದ್ದ ಹನಿ ಈ ಕಡೆ ಹರಿಯುತ್ತದೆ, ಆಚೆ ಬಿದ್ದದ್ದು ಎಲ್ಲಿಗೆ ಹೋಗುತ್ತದೆ? ಬೆಂಗಳೂರು ಇಂಥದೊಂದು ಏಣಿನ ಮೇಲೆಯೇ ಕೂತಿದೆ. ಪಶ್ಚಿಮಕ್ಕೆ ಇಳಿದ ನೀರು ವೃಷಭಾವತಿ, ಅರ್ಕಾವತಿಯ ಮೂಲಕ ಕಾವೇರಿ ಸೇರುತ್ತದೆ. ಪೂರ್ವಕ್ಕೆ ಇಳಿದದ್ದು ಬೆಳ್ಳಂದೂರು, ವರ್ತೂರು ಕೆರೆ ದಾಟಿ ದಕ್ಷಿಣ ಪಿನಾಕಿನಿಗೆ ಹೋಗುತ್ತದೆ. ಹೀಗೆ ಒಂದೇ ಕಡೆ ನೀರು ಇಳಿಸುವ ನೆಲವೇ ಜಲಾನಯನ ಪ್ರದೇಶ.

ಹೀಗೆ ಗಡಿ ಹಾಕಿ ಲೆಕ್ಕ ಮಾಡುವುದಕ್ಕೆ ಹಳೆಯ ಚರಿತ್ರೆ ಇದೆ. ಸಮುದ್ರದ ನೀರು ನೆಲದೊಳಗೆ ಹರಿದು ಬೆಟ್ಟದಲ್ಲಿ ಊಟೆಯಾಗಿ ಉಕ್ಕುತ್ತದೆ, ನದಿಗೆ ಮಳೆನೀರು ಸಾಲುವುದೇ ಇಲ್ಲ ಎಂದು ಯುರೋಪಿನಲ್ಲಿ ದೊಡ್ಡ ದೊಡ್ಡ ವಿದ್ವಾಂಸರೇ ನಂಬಿದ್ದರು. ಫ್ರಾನ್ಸಿನ ಪಿಯೆರ್ ಪೆರೋ ಸೇನ್ ನದಿಯ ಮೇಲ್ಭಾಗದ ಜಲಾನಯನವನ್ನು ತೆಗೆದುಕೊಂಡು ಅಲ್ಲಿ ಬಿದ್ದ ಮಳೆಯನ್ನು ನದಿಯಲ್ಲಿ ಹರಿದ ನೀರಿನ ಜೊತೆ ಹೋಲಿಸಿದರು. ಮಳೆಯೇ ಆರು ಪಟ್ಟು ಇತ್ತು! ಇದು 1674ರ ಮಾತು. ವಾದದಿಂದ ಬಗೆಹರಿಯದ್ದು ಅಳತೆಯಿಂದ ಬಗೆಹರಿಯಿತು. ಈ ಕಥೆ ನನಗೆ ಬಹಳ ಇಷ್ಟ.

ಈಗ ಮುಖ್ಯ ವಿಷಯ. ಮದುವೆ ಮನೆಗೆ ಸಾವಿರ ಜನ ಬರುತ್ತಾರೆ ಅಂದುಕೊಳ್ಳಿ. ನಾಲ್ಕು ಪಂಕ್ತಿಯಲ್ಲಿ ಬಂದರೆ ಇನ್ನೂರೈವತ್ತು ಎಲೆಯ ಊಟದ ಮನೆ ಸಾಕು. ಸಾವಿರ ಜನವೂ ಒಂದೇ ಸಲ ಬಂದರೆ ಬಾಗಿಲಲ್ಲೇ ನೂಕುನುಗ್ಗಲು. ಅಡುಗೆ ಅಷ್ಟೇ, ಜನ ಅಷ್ಟೇ, ಬದಲಾದದ್ದು ಬಂದ ಹೊತ್ತು ಮಾತ್ರ. ಹೊಲ, ತೋಪು, ಗುಂಡುತೋಪು ಇದ್ದ ಕಾಲದಲ್ಲಿ ದೂರದ ಹನಿ ಕಾಲುವೆಯ ಬಾಯಿಗೆ ಬರಲು ತಾಸುಗಟ್ಟಲೆ ಬೇಕಿತ್ತು. ಅಷ್ಟರಲ್ಲಿ ಹತ್ತಿರದ ನೀರು ಹರಿದು ಹೋಗಿರುತ್ತಿತ್ತು. ಈಗ ತಾರಸಿ, ಡಾಂಬರು, ಕಾಂಕ್ರೀಟ್ ಚರಂಡಿಯ ಮೇಲೆ ದೂರದ ನೀರೂ ಹತ್ತಿರದ ನೀರೂ ಒಟ್ಟಿಗೇ ಬಂದು ನಿಲ್ಲುತ್ತವೆ.

ಇದರಲ್ಲಿ ಹೊಡೆತ ಒಂದಲ್ಲ, ಎರಡು. ಕಾಂಕ್ರೀಟ್ ನೀರನ್ನು ಇಂಗಲು ಬಿಡುವುದಿಲ್ಲ, ಇದು ಎಲ್ಲರಿಗೂ ಗೊತ್ತು. ಎರಡನೆಯದನ್ನು ಯಾರೂ ಹೇಳುವುದಿಲ್ಲ. ನೀರು ಬಂದು ಸೇರಲು ಎರಡು ತಾಸು ಬೇಕಿದ್ದಾಗ, ಆ ಎರಡು ತಾಸಿನ ಸರಾಸರಿ ಮಳೆ ಎಷ್ಟು ಅನ್ನುವುದು ಲೆಕ್ಕಕ್ಕೆ ಬರುತ್ತಿತ್ತು. ಅದು ಅರ್ಧ ತಾಸಿಗೆ ಇಳಿದರೆ, ಅರ್ಧ ತಾಸಿನ ರಭಸವೇ ಸಾಕು. ಕಡಿಮೆ ಹೊತ್ತಿನ ಮಳೆಯ ರಭಸ ಯಾವಾಗಲೂ ಜಾಸ್ತಿ ಅಲ್ವಾ? ಒಂದು ಚದರ ಕಿಲೋಮೀಟರ್ ನೆಲ ತೆಗೆದುಕೊಳ್ಳೋಣ. ತೋಪಿದ್ದಾಗ ಗಂಟೆಗೆ 50 ಮಿಲಿಮೀಟರ್ ರಭಸ, ಅದರಲ್ಲಿ ಐದನೇ ಒಂದು ಪಾಲು ಹರಿಯುತ್ತದೆ. ಸೆಕೆಂಡಿಗೆ ಸುಮಾರು 2,800 ಲೀಟರ್. ಕಾಂಕ್ರೀಟ್ ಆದ ಮೇಲೆ ರಭಸ 90 ಮಿಲಿಮೀಟರ್, ಐದರಲ್ಲಿ ನಾಲ್ಕು ಪಾಲು ಹರಿಯುತ್ತದೆ ಅನ್ನಿ. ಸೆಕೆಂಡಿಗೆ 20,000 ಲೀಟರ್! ಆಕಾಶ ಅದೇ, ಮೋಡ ಅದೇ. ಕಾಲುವೆಗೆ ಮಾತ್ರ ಏಳು ಪಟ್ಟು ನೀರು.

ಆದ್ದರಿಂದಲೇ ರಾಜಕಾಲುವೆಗೆ ಎರಡೂ ಕಡೆ ಗೋಡೆ, ತಳಕ್ಕೆ ಕಾಂಕ್ರೀಟ್ ಹಾಕಿ ‘ಸಮಸ್ಯೆ ಮುಗಿಯಿತು’ ಅನ್ನುವುದನ್ನು ನಾನು ಒಪ್ಪುವುದಿಲ್ಲ. ಒತ್ತುವರಿ ತೆರವು ಬೇಕೇ ಬೇಕು. ಆದರೆ ನುಣುಪಾದ ಕಾಲುವೆ ನೀರನ್ನು ಇನ್ನೂ ಬೇಗ ಓಡಿಸುತ್ತದೆ. ಮೇಲಿನ ಬಡಾವಣೆ ಉಳಿಯುತ್ತದೆ, ಕೆಳಗಿನದು ಮುಳುಗುತ್ತದೆ.

ನೀರನ್ನು ತಡೆದು ನಿಲ್ಲಿಸುತ್ತಿದ್ದದ್ದು ಕೆರೆಗಳು. ಹತ್ತು ಹೆಕ್ಟೇರ್ ಕೆರೆಯಲ್ಲಿ ಒಂದು ಮೀಟರ್ ಜಾಗ ಖಾಲಿ ಇದ್ದರೆ ಹತ್ತು ಕೋಟಿ ಲೀಟರ್ ಹಿಡಿಯುತ್ತದೆ. ಖಾಲಿ ಇದ್ದರೆ ಮಾತ್ರ. ವರ್ಷವಿಡೀ ಚರಂಡಿ ನೀರು ತುಂಬಿಕೊಂಡ ಕೆರೆ ಮೊದಲ ಮಳೆಗೇ ಕೋಡಿ ಬೀಳುತ್ತದೆ. ತುಂಬಿದ ಕೆರೆ ಕಂಡರೆ ನಮಗೆಲ್ಲ ಖುಷಿ, ಬಾಗಿನ ಬಿಡುತ್ತೇವೆ. ಆದರೆ ನಗರದ ಕೆರೆ ಸೆಪ್ಟೆಂಬರ್‌ಗೆ ಮೊದಲು ಸ್ವಲ್ಪ ತಗ್ಗಿರಬೇಕು. ಅದಕ್ಕೆ ತೂಬು ಕೆಲಸ ಮಾಡಬೇಕು. ಯಾವಾಗ ತೆರೆಯಬೇಕು, ಎಷ್ಟು ತೆರೆಯಬೇಕು ಎಂದು ತಿಳಿಯಲು ಮೇಲಿನ ಕಾಲುವೆಗಳಲ್ಲಿ ನೀರಿನ ಮಟ್ಟವನ್ನು ಬಿಡದೆ ಅಳೆಯುತ್ತಿರಬೇಕು.