ಖಿನ್ನತೆ ಮತ್ತೆ ಬಾರದಂತೆ ಧ್ಯಾನ: ಯಾರಿಗೆ, ಯಾವಾಗ?

ಖಿನ್ನತೆಯಿಂದ ಗುಣವಾದವರನ್ನು ಒಂದು ಭಯ ಕಾಡುತ್ತಿರುತ್ತದೆ. ಅದು ಮತ್ತೆ ಬಂದರೆ? ಭಯಕ್ಕೆ ಕಾರಣವೂ ಇದೆ. ಎಷ್ಟು ಸಲ ಬಂದು ಹೋಗಿದೆಯೋ, ಮತ್ತೆ ಬರುವ ಸಾಧ್ಯತೆ ಅಷ್ಟು ಜಾಸ್ತಿ.

1990ರ ದಶಕದಲ್ಲಿ ಮೂವರು ಮನಶ್ಶಾಸ್ತ್ರಜ್ಞರು ಇದರ ಬೆನ್ನು ಹತ್ತಿದರು: ಟೊರಾಂಟೊದ ಜಿಂಡೆಲ್ ಸೀಗಲ್, ವೇಲ್ಸ್‌ನ ಬ್ಯಾಂಗರ್‌ನಲ್ಲಿದ್ದ ಮಾರ್ಕ್ ವಿಲಿಯಮ್ಸ್, ಕೇಂಬ್ರಿಜ್‌ನ ಜಾನ್ ಟೀಸ್‌ಡೇಲ್. ಬೇಜಾರು ಎಲ್ಲರಿಗೂ ಆಗುತ್ತದೆ, ಸಂಜೆಯೊಳಗೆ ಸರಿಹೋಗುತ್ತದೆ. ಆದರೆ ಹಲವು ಸಲ ಖಿನ್ನತೆ ಅನುಭವಿಸಿದವರಲ್ಲಿ ಅಷ್ಟೇ ಸಣ್ಣ ಬೇಜಾರು ಹಳೆಯ ಯೋಚನೆಗಳನ್ನೆಲ್ಲ ಎಬ್ಬಿಸಿಬಿಡುತ್ತದೆ. ‘ನನ್ನಿಂದ ಏನೂ ಆಗಲ್ಲ’, ‘ನಾನು ಎಲ್ಲರಿಗೂ ಭಾರ’. ಪರಿಹಾರ ಸಿಗಬಹುದೆಂದು ಮನಸ್ಸು ಅದನ್ನೇ ಮೆಲುಕು ಹಾಕುತ್ತದೆ, ಇನ್ನಷ್ಟು ಕುಗ್ಗುತ್ತದೆ.

ಅಮೆರಿಕದಲ್ಲಿ ಜಾನ್ ಕಬಟ್-ಜಿನ್ 1979ರಲ್ಲೇ ಮ್ಯಾಸಚೂಸೆಟ್ಸ್ ವಿಶ್ವವಿದ್ಯಾಲಯದ ವೈದ್ಯಕೀಯ ಕಾಲೇಜಿನಲ್ಲಿ ಮೈಂಡ್‌ಫುಲ್‌ನೆಸ್ ಎಂಬ ಧ್ಯಾನದ ತರಬೇತಿ ಶುರು ಮಾಡಿದ್ದರು. 8 ವಾರಗಳ ಆ ತರಬೇತಿಯನ್ನು ಈ ಮೂವರು ಖಿನ್ನತೆಗೆ ಹೊಂದಿಸಿಕೊಂಡರು. ಉಸಿರನ್ನು ಗಮನಿಸುವುದು, ಮೈಯ ಒಂದೊಂದೇ ಭಾಗದ ಮೇಲೆ ಗಮನ ಹರಿಸುವುದು, ಮನಸ್ಸು ಅತ್ತಿತ್ತ ಹೋದರೆ ಬೈದುಕೊಳ್ಳದೆ ವಾಪಸ್ ತರುವುದು. ತಲೆಯಲ್ಲಿ ಯೋಚನೆಯೇ ಬರಬಾರದು ಎಂಬ ಹಟ ಇಲ್ಲಿಲ್ಲ. ‘ನನ್ನಿಂದ ಏನೂ ಆಗಲ್ಲ’ ಎನ್ನಿಸಿದಾಗ, ಇದು ಬರೀ ಒಂದು ಯೋಚನೆ, ನಿಜವೇ ಆಗಿರಬೇಕಿಲ್ಲ ಎಂದು ಗುರುತಿಸಲು ಬಂದರೆ ಸಾಕು. ಮೆಲುಕು ಅಲ್ಲಿಗೆ ನಿಲ್ಲುತ್ತದೆ.

145 ಜನರೊಂದಿಗೆ ನಡೆಸಿದ ಮೊದಲ ಪರೀಕ್ಷೆ 2000ದಲ್ಲಿ ಪ್ರಕಟವಾಯಿತು. ಎಲ್ಲರೂ ಆಗಲೇ ಚೇತರಿಸಿಕೊಂಡಿದ್ದವರು. ಮೂರು ಅಥವಾ ಹೆಚ್ಚು ಸಲ ಖಿನ್ನತೆ ಬಂದಿದ್ದವರನ್ನು 60 ವಾರಗಳ ಅವಧಿಯಲ್ಲಿ ನೋಡಿದಾಗ, ಮಾಮೂಲಿ ಚಿಕಿತ್ಸೆಯಲ್ಲಿದ್ದ ಶೇ 66 ಮಂದಿಗೆ ಅದು ಮರುಕಳಿಸಿತ್ತು. ಧ್ಯಾನ ಕಲಿತವರಲ್ಲಿ ಶೇ 37 ಮಾತ್ರ.

ಎರಡೇ ಸಲ ಬಂದಿದ್ದವರಿಗೆ ಮಾತ್ರ ಲಾಭ ಕಾಣಲಿಲ್ಲ. 2004ರ ಇನ್ನೊಂದು ಪರೀಕ್ಷೆಯಲ್ಲೂ ಹಾಗೇ ಆಯಿತು. ಇಡೀ ಕಥೆಯಲ್ಲಿ ನನಗೆ ತುಂಬಾ ಮುಖ್ಯ ಎನ್ನಿಸುವುದು ಇದೇ. ಇವರಿಗೆ ಖಿನ್ನತೆ ಮರುಕಳಿಸಿದ್ದು ಹೆಚ್ಚಾಗಿ ಬದುಕಿನಲ್ಲಿ ದೊಡ್ಡ ಪೆಟ್ಟು ಬಿದ್ದಾಗ. ಮೆಲುಕಿನ ಪಾಲು ಕಡಿಮೆ ಇದ್ದಲ್ಲಿ ಧ್ಯಾನಕ್ಕೆ ಕೆಲಸವೂ ಕಡಿಮೆ, ಅಲ್ವಾ?

ಮಾತ್ರೆಯ ಬದಲು ಧ್ಯಾನ ಸಾಕೇ? 2015ರಲ್ಲಿ ಬ್ರಿಟನ್ನಿನ 424 ಜನರ ಅಧ್ಯಯನ ಇದನ್ನೇ ಕೇಳಿತು. ಎರಡು ವರ್ಷಗಳಲ್ಲಿ ಮಾತ್ರೆ ಮುಂದುವರಿಸಿದವರ ಗುಂಪಿನಲ್ಲಿ ಶೇ 47, ಧ್ಯಾನದ ಗುಂಪಿನಲ್ಲಿ ಶೇ 44 ಮಂದಿಗೆ ಖಿನ್ನತೆ ಮರಳಿತು. ಹೆಚ್ಚುಕಡಿಮೆ ಸಮ. ಆದರೆ ಧ್ಯಾನದ ಗುಂಪಿನವರು ಮಾತ್ರೆ ಇಳಿಸಿದ್ದು ವೈದ್ಯರ ನೆರವಿನಿಂದ, ಹಂತಹಂತವಾಗಿ. ‘ಧ್ಯಾನ ಮಾಡ್ತಿದ್ದೀಯಲ್ಲ, ಮಾತ್ರೆ ಯಾಕೆ?’ ಎಂದು ದಯವಿಟ್ಟು ಯಾರಿಗೂ ಹೇಳಬೇಡಿ. ಕೆಲವರಿಗೆ ಧ್ಯಾನಕ್ಕೆ ಕೂತಾಗ ಆತಂಕ ಹೆಚ್ಚುವುದೂ ಉಂಟು. ಹಾಗಾದರೆ ಹಟ ಹಿಡಿದು ಕೂರದೆ ವೈದ್ಯರಿಗೆ ತಿಳಿಸಬೇಕು.

ಈಗಲೇ ಖಿನ್ನತೆಯಲ್ಲಿ ಮುಳುಗಿರುವವರಿಗೆ ಮೊದಲು ಬೇಕಾದದ್ದು ಚಿಕಿತ್ಸೆ. ಟೆಲಿ ಮಾನಸ್ ಸಹಾಯವಾಣಿ 14416 ದಿನದ 24 ಗಂಟೆಯೂ ಉಚಿತವಾಗಿ ಸಿಗುತ್ತದೆ. ಕನ್ನಡದಲ್ಲೇ ಮಾತಾಡಬಹುದು.